ಹಿಡಿಕಾಳಿನ ನಿಧಿ

ಬಡ ಹುಡುಗರ ಓದು ಶುಲ್ಕ ಕಟ್ಟಲಾಗದೆ ನಿಲ್ಲುತ್ತದೆ ಎಂಬ ತಿಳಿವಳಿಕೆ ಅರ್ಧ ಮಾತ್ರ ನಿಜ. ಶುಲ್ಕ ಎಷ್ಟು, ಯಾವಾಗ ಕಟ್ಟಬೇಕು ಎನ್ನುವುದು ಮೊದಲೇ ಗೊತ್ತಿರುತ್ತದೆ. ಅದಕ್ಕೆ ಸಾಲವೋ, ವಿನಾಯಿತಿಯೋ, ಯಾವುದಾದರೂ ದತ್ತಿಯೋ ಒದಗುವುದುಂಟು. ಓದನ್ನು ಮುರಿಯುವುದು ಹೇಳದೆ ಕೇಳದೆ ಬರುವ ಖರ್ಚು: ಮಳೆ ಕೈಕೊಟ್ಟು ಊರಿನಿಂದ ಕಾಳು ಬರುವುದು ನಿಂತ ವರ್ಷ, ಪರೀಕ್ಷೆ ಹತ್ತಿರವಿರುವಾಗ ಹಿಡಿದ ಜ್ವರ, ಊಟ ಹಾಕುತ್ತಿದ್ದ ಮನೆಯವರಿಗೆ ಬಂದ ವರ್ಗಾವಣೆ. 19ನೇ ಶತಮಾನದ ಕೊನೆಯಿಂದ ನಮ್ಮ ದೇಶದ ಹಲವು ಕಡೆ ಇದಕ್ಕೆ ಒಂದು ಉತ್ತರ ಹುಟ್ಟಿತು. ಮನೆಮನೆಯಿಂದ ದಿನಕ್ಕೊಂದು ಹಿಡಿ ಧಾನ್ಯ ಎತ್ತುವುದು. ಇದನ್ನು ದಾನಬುದ್ಧಿಯ ಕಥೆಯಾಗಿ ಹೇಳುವವರೇ ಹೆಚ್ಚು. ದಾನಬುದ್ಧಿ ಇತ್ತು, ಸುಳ್ಳಲ್ಲ. ಆದರೆ ಪದ್ಧತಿ ಉಳಿದು ಬಂದದ್ದು ಅದರೊಳಗಿನ ಲೆಕ್ಕಾಚಾರದ ಬಲದಿಂದ ಎಂಬುದು ನನ್ನ ವಾದ.

ಆ ಲೆಕ್ಕಾಚಾರ ತಿಳಿಯಬೇಕಾದರೆ ವಾರಾನ್ನವನ್ನು ಪಕ್ಕದಲ್ಲಿಟ್ಟು ನೋಡಬೇಕು. ಮೈಸೂರು, ಬೆಂಗಳೂರಿನಂಥ ಊರುಗಳಿಗೆ ಓದಲು ಬಂದ ಬಡ ಬ್ರಾಹ್ಮಣ ಹುಡುಗರು ವಾರದ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ಉಣ್ಣುತ್ತಿದ್ದರು. ಆ ಕಾಲದ ಬಡ ವಿದ್ಯಾರ್ಥಿಯ ಹಸಿವು ಎಂಥದೆಂದು ತಿಳಿಯಲು ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ ಓದಿದರೆ ಸಾಕು. ವಾರಾನ್ನ ಎಷ್ಟೋ ಜನರನ್ನು ಓದಿಸಿತು, ಆ ಋಣ ದೊಡ್ಡದು. ಆದರೂ ಅದರ ಕಟ್ಟಡವೇ ಅಭದ್ರ. ಮಂಗಳವಾರದ ಮನೆಯಲ್ಲಿ ಸೂತಕವಾದರೆ ಮಂಗಳವಾರ ಉಪವಾಸ. ಮನೆಯಾಕೆಗೆ ಹುಡುಗನ ಮೇಲೆ ಮುನಿಸು ಬಂದರೆ ಆ ದಿನವೇ ಕೈಬಿಟ್ಟಂತೆ. ಪ್ರತಿ ಊಟಕ್ಕೂ ಕೊಡುವವರ ಮುಖ ನೋಡಬೇಕು, ಅವರ ಮನಸ್ಸು ಕಾಯಬೇಕು. ಅನಿರೀಕ್ಷಿತವಾದದ್ದನ್ನು ತಡೆಯಬೇಕಾದ ವ್ಯವಸ್ಥೆಯೇ ಅನಿರೀಕ್ಷಿತಕ್ಕೆ ಬಾಗಿಲು ತೆರೆದುಕೊಂಡಿತ್ತು.

ಹಿಡಿಕಾಳಿನ ನಿಧಿ ಈ ಸಂಬಂಧವನ್ನು ತಲೆಕೆಳಗು ಮಾಡಿತು. ಲಾಹೋರಿನಲ್ಲಿ 1886ರಲ್ಲಿ ದಯಾನಂದ ಆಂಗ್ಲೋ ವೈದಿಕ ಶಾಲೆ ತೆರೆದ ಆರ್ಯಸಮಾಜದವರು ಸಂಸ್ಥೆಯ ಖರ್ಚಿಗೆಂದು ‘ಆಟಾ ಫಂಡ್’ ನಡೆಸಿದರು: ಮನೆಯ ಹೆಂಗಸು ದಿನವೂ ಒಂದು ಹಿಡಿ ಹಿಟ್ಟನ್ನು ಬೇರೆ ಮಡಕೆಗೆ ಹಾಕಬೇಕು. ಹಳೆಯ ಕಾಗದ ಕೂಡಿಸಿ ಮಾರುವ ‘ರದ್ದಿ ಫಂಡ್’ ಕೂಡ ಇತ್ತು. ಮಹಾರಾಷ್ಟ್ರದ ಸಾತಾರಾ ಸೀಮೆಯಲ್ಲಿ ಭಾವುರಾವ್ ಪಾಟೀಲರು ಇದನ್ನು ಇನ್ನೂ ಮುಂದಕ್ಕೆ ಒಯ್ದರು. 1919ರಲ್ಲಿ ಕರಾಡದ ಹತ್ತಿರದ ಕಾಲೆ ಎಂಬ ಊರಿನಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿ, 1924ರಲ್ಲಿ ಸಾತಾರಾದಲ್ಲಿ ಎಲ್ಲ ಜಾತಿಯ ಹುಡುಗರು ಒಟ್ಟಿಗೆ ಇರುವ ವಸತಿಗೃಹ ತೆರೆದರು. ಅಲ್ಲಿನ ‘ಮುಷ್ಟಿ ಫಂಡ್’ ಹಳ್ಳಿಯ ಬೀಸುಕಲ್ಲಿನ ಬಳಿಯಿಂದಲೇ ಶುರುವಾಗುತ್ತಿತ್ತು. ಬೀಸಲು ಕೂತ ಹೆಂಗಸು ಒಂದು ಹಿಡಿ ಕಾಳು ಎತ್ತಿಟ್ಟರೆ ಮನೆಯ ರೊಟ್ಟಿ ಕಡಿಮೆಯಾದದ್ದು ಯಾರಿಗೂ ಕಾಣದು. ರೊಕ್ಕ ಗಂಡಸರ ಕೈಯಲ್ಲಿ, ಅದೂ ಸುಗ್ಗಿಯಲ್ಲಿ ಮಾತ್ರ. ಕಾಳಿನ ಗಡಿಗೆ ಹೆಂಗಸರ ಕೈಯಲ್ಲಿ, ವರ್ಷವಿಡೀ. ಒಂದು ಹಿಡಿ ಜೋಳ ಸುಮಾರು 50 ಗ್ರಾಂ ಎಂದಿಟ್ಟುಕೊಳ್ಳಿ. 300 ಮನೆಯಿಂದ ದಿನಕ್ಕೆ 15 ಕಿಲೋ ಆಯಿತು. ಒಬ್ಬನಿಗೆ ಅರ್ಧ ಕಿಲೋದಂತೆ 30 ಹುಡುಗರ ಹೊಟ್ಟೆ ತುಂಬಿತು. ಅದರಲ್ಲಿ ಹತ್ತು ಮನೆ ತಪ್ಪಿದರೂ ಯಾವ ಹುಡುಗನೂ ಉಪವಾಸ ಬೀಳಬೇಕಿಲ್ಲ. ಯಾರ ಹಿಡಿ ಯಾರ ತಟ್ಟೆಗೆ ಬಂತೆಂದು ಕೊಟ್ಟವರಿಗೂ ತಿಳಿಯದು, ಉಂಡವನಿಗೂ ತಿಳಿಯದು. ಕಡಿಮೆ ಬಿದ್ದ ದಿನ ಭಾರ ಹೊತ್ತವರು ಭಾವುರಾವ್ ಅವರ ಹೆಂಡತಿ ಲಕ್ಷ್ಮೀಬಾಯಿ. ಮಕ್ಕಳ ಊಟಕ್ಕಾಗಿ ಮೈಮೇಲಿನ ಒಡವೆ ಮಾರಿ, ಕೊನೆಗೆ ಮಾಂಗಲ್ಯವನ್ನೂ ಕೊಟ್ಟವರು. ಕರ್ನಾಟಕದಲ್ಲಿ ಇದೇ ಕೆಲಸವನ್ನು ಮಠದ ಜೋಳಿಗೆ ಮಾಡಿತು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳು, ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಹಳ್ಳಿ ಸುತ್ತಿ ತಂದ ದವಸ ಮಠದ ಮಕ್ಕಳ ಅನ್ನವಾಯಿತು.

ಇದು ಹೆಸರು ಬದಲಿಸಿಕೊಂಡ ಭಿಕ್ಷೆಯಷ್ಟೇ ಎನ್ನುವವರಿದ್ದಾರೆ. ಆದರೆ ಬೇಡಿದವರು ಸ್ವಾಮಿಗಳು, ಕಾರ್ಯಕರ್ತರು; ಹುಡುಗನು ಕೈಯೊಡ್ಡಲಿಲ್ಲ. ಆ ವ್ಯತ್ಯಾಸ ನನಗೆ ಸಣ್ಣದಾಗಿ ಕಾಣುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಜಾತಿಯದು. 1901ರಿಂದ ಶಾಹು ಮಹಾರಾಜರು ಕೊಲ್ಹಾಪುರದಲ್ಲಿ ತೆರೆಸಿದ ವಸತಿಗೃಹಗಳಲ್ಲಿ ಹೆಚ್ಚಿನವು ಒಂದೊಂದು ಸಮಾಜಕ್ಕೊಂದರಂತೆ ಇದ್ದವು. ನಮ್ಮ ಕಡೆಯ ಬಹಳಷ್ಟು ಪ್ರಸಾದನಿಲಯಗಳೂ ಹಾಗೆಯೇ ಆರಂಭವಾದವು. ಇದನ್ನು ಒಪ್ಪಲೇಬೇಕು. ಆದರೆ ಬೇಯಿಸದ ಕಾಳಿಗೆ ಬೇಯಿಸಿದ ಅನ್ನಕ್ಕಿಲ್ಲದ ಒಂದು ಶಕ್ತಿ ಇತ್ತು. ವಾರಾನ್ನದ ಹುಡುಗ ಅಡುಗೆಮನೆಯವರೆಗೆ ಬರಬೇಕು, ಆದ್ದರಿಂದ ಹೊಸ್ತಿಲಲ್ಲೇ ಜಾತಿ ಕೇಳುತ್ತಿದ್ದರು. ಹಿಡಿಕಾಳು ತಾನೇ ಹೊಸ್ತಿಲು ದಾಟಿ ಹೊರಗೆ ಹೋಗುತ್ತಿತ್ತು. ಮನೆಯೊಳಗೆ ಮಡಿ ಬಿಡದ ಹೆಂಗಸು ಕೊಟ್ಟ ಜೋಳವನ್ನು ಸಾತಾರಾದಲ್ಲಿ ದಲಿತ ಹುಡುಗನೂ ಮರಾಠಾ ಹುಡುಗನೂ ಒಂದೇ ಸಾಲಿನಲ್ಲಿ ಕೂತು ಉಂಡರು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದು ಮೆಚ್ಚಿದ್ದು ಈ ಸಹಬಾಳ್ವೆಯನ್ನೇ. ಕೊಟ್ಟ ಮನೆ ಬದಲಾಗಲಿಲ್ಲ ಎಂಬ ಕೊರತೆ ಉಳಿಯಿತು, ನಿಜ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಕೊರತೆ ಇನ್ನೊಂದು: ಕಾಳು ಎತ್ತಿಟ್ಟವಳು ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಣ್ಣುವವಳು, ಆ ಕಾಳಿನಿಂದ ಓದಿದವರು ಬಹುಪಾಲು ಗಂಡುಮಕ್ಕಳು. ಅವಳ ಮಗಳು ಅದೇ ಬೀಸುಕಲ್ಲಿಗೆ ಕೂತಳು.

ಇದೆಲ್ಲ ಸರ್ಕಾರ ಮಾಡಬೇಕಾದ ಕೆಲಸ ಎಂಬ ಮಾತಿಗೆ ನನ್ನ ತಕರಾರಿಲ್ಲ. 1970ರ ದಶಕದಲ್ಲಿ ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸರು ಹಿಂದುಳಿದ ವರ್ಗಗಳ ಮಕ್ಕಳಿಗೆ ವಿದ್ಯಾರ್ಥಿನಿಲಯಗಳನ್ನು ಹೆಚ್ಚಿಸಿದಾಗ ಯಾವ ಜೋಳಿಗೆಯೂ ತಲುಪದಷ್ಟು ದೂರಕ್ಕೆ ಅನ್ನ ತಲುಪಿತು. ಅನ್ನ ಹಕ್ಕಾಗಬೇಕು, ಯಾರದೋ ದಯೆಯಾಗಬಾರದು. ಆದರೆ ಸರ್ಕಾರದ ಹಣ ತಲೆಗಿಷ್ಟು, ತಿಂಗಳಿಗಿಷ್ಟು ಎಂದು ಮೊದಲೇ ಗೊತ್ತಾದ ಖರ್ಚಿಗೆ ಹೊಂದುತ್ತದೆ. ಪರೀಕ್ಷೆಯ ಹಿಂದಿನ ವಾರ ಒಡೆದ ಕನ್ನಡಕಕ್ಕೆ, ತಂದೆ ಸತ್ತ ಸುದ್ದಿ ಬಂದ ರಾತ್ರಿಯ ಬಸ್ ಚಾರ್ಜಿಗೆ, ಅರ್ಜಿ ಬರೆದು ಮಂಜೂರಾತಿಗೆ ಕಾಯಲಾಗುವುದಿಲ್ಲ. ಅದಕ್ಕೆ ಈಗಲೂ ಬೇಕಾದದ್ದು ಹಲವರು ಸ್ವಲ್ಪ ಸ್ವಲ್ಪ ಹಾಕಿ ತುಂಬಿಸಿದ, ಕಾರಣ ಕೆದಕದೆ ಆ ಹೊತ್ತಿಗೇ ಕೈಗೆ ಸಿಗುವ ಒಂದು ಗಡಿಗೆ.