ಉಣ್ಣಿಯ ಬೆನ್ನು ಹತ್ತಿ ಕ್ಯಾಸನೂರಿಗೆ

ನಾಯಿಯ ಕಿವಿಯೊಳಗೆ ಉಣ್ಣಿ ಕಂಡರೆ ಕಿತ್ತು ಉಗುರಿನಲ್ಲಿ ಹಿಸುಕಿಬಿಡುವುದು ನಮ್ಮೂರುಗಳಲ್ಲಿ ಮಾಮೂಲು. ಮಲೆನಾಡಿನಲ್ಲಿ ಇದನ್ನೇ ಉಣುಗು ಅನ್ನುತ್ತಾರೆ. ಅಲ್ಲಿಯವರು ಅದನ್ನು ಅಷ್ಟು ಹಗುರವಾಗಿ ನೋಡುವುದಿಲ್ಲ.

1957ರ ಬೇಸಿಗೆ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸಿಯಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ವಿಪರೀತ ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಮೊದಲು ಟೈಫಾಯಿಡ್ ಎಂಬ ಗುಮಾನಿ. ಮಂಗಗಳೂ ಸಾಯುತ್ತಿವೆ ಎಂದು ತಿಳಿದ ಮೇಲೆ, ಹಳದಿ ಜ್ವರ ಭಾರತಕ್ಕೂ ಬಂತೇ ಎಂಬ ದಿಗಿಲು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರು ಬಂದು ನೋಡಿದರು. ಸಿಕ್ಕಿದ ವೈರಸ್ ಹಳದಿ ಜ್ವರದ್ದಲ್ಲ, ರಷ್ಯಾದ ಕಾಡುಗಳಲ್ಲಿ ಉಣ್ಣಿಯಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ನೆಂಟ. ಎಲ್ಲರ ಕಣ್ಣು ಸೊಳ್ಳೆಯಿಂದ ಉಣ್ಣಿಯ ಕಡೆ ತಿರುಗಿತು. ಊರಿನವರು ಮಾತ್ರ ಮಂಗನ ಕಾಯಿಲೆ ಎಂದೇ ಕರೆದರು. ಪಾಪ, ಮಂಗವೂ ನಮ್ಮಂತೆ ಕಚ್ಚಿಸಿಕೊಂಡದ್ದೇ.

ಈ ಕತೆಯಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಮನೆಯ ದನ. ದನಕ್ಕೆ ಈ ಜ್ವರ ಬರುವುದಿಲ್ಲ. ಆದರೆ ಬೆಳೆದ ಉಣ್ಣಿಗೆ ಹೊಟ್ಟೆ ತುಂಬ ರಕ್ತ ಸಿಗುವುದು ಅದರ ಮೈಯಲ್ಲಿ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣಿ ನೆಲಕ್ಕುದುರಿ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಊರು, ಗದ್ದೆ ಬೆಳೆದು ಕಾಡಿನಲ್ಲಿ ಮೇಯುವ ದನ ಹೆಚ್ಚಿದ್ದರಿಂದ ಉಣ್ಣಿಯೂ ಹೆಚ್ಚಿತು ಎಂದು, ಅಲ್ಲಿ ಅಧ್ಯಯನ ಮಾಡಿದ ಹೋರ್ಹೆ ಬೊಶೆಲ್ 1969ರಲ್ಲಿ ಬರೆದರು. ಸರಿ ಇರಬಹುದು. ಆದರೆ ತಪ್ಪನ್ನು ದನಗಾಹಿಯ ತಲೆಗೆ ಕಟ್ಟುವವರನ್ನು ನಾವು ಕೇಳುವುದಿಷ್ಟೇ: ಬೇರೆ ಹುಲ್ಲುಗಾವಲು ಇಲ್ಲದವರು ದನವನ್ನು ಎಲ್ಲಿಗೆ ಹೊಡೆಯಬೇಕಿತ್ತು?

ಮನುಷ್ಯರಿಗೆ ಕಾಯಿಲೆ ಅಂಟಿಸುವುದು ಹೆಚ್ಚಾಗಿ ಕಣ್ಣಿಗೆ ಸರಿಯಾಗಿ ಕಾಣದ ಮರಿ ಉಣ್ಣಿ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಸೌದೆಗೆ, ತರಗೆಲೆಗೆ ನಾವು ಕಾಡಿಗೆ ಹೋಗುವ ಕಾಲವೂ ಅದೇ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಮತ್ತೆ ಸಾವುಗಳಾದವು.

ನಾಯಿಯ ಮೈಮೇಲಿನದು ಸಾಮಾನ್ಯವಾಗಿ ಬೇರೆ ಜಾತಿಯ ಕಂದು ಉಣ್ಣಿ. ಗೋಡೆಯ ಬಿರುಕಿನಲ್ಲೂ ಸಂಸಾರ ಹೂಡುತ್ತದೆ. ಅದರಿಂದ ನಾಯಿಗೆ ಎರ್ಲಿಕಿಯಾ, ಬೆಬೀಸಿಯಾ ಎಂಬ ರಕ್ತದ ರೋಗಗಳು ತಗಲುತ್ತವೆ. ಊಟ ಬಿಟ್ಟು ಮಲಗಿದರೆ, ವಸಡು ಬಿಳಿಚಿದರೆ, ಮೂಗಿನಲ್ಲಿ ರಕ್ತ ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಿರಿ. ಮಂಗನ ಕಾಯಿಲೆಗೆ ಇನ್ನೂ ನೇರ ಔಷಧಿಯಿಲ್ಲ, ಇವಕ್ಕೆ ಇದೆ. ದನಕ್ಕೆ ತಂದ ಔಷಧಿಯನ್ನೇ ಅಂದಾಜಿನಲ್ಲಿ ನಾಯಿ, ಬೆಕ್ಕಿಗೂ ಹಚ್ಚುವ ರೂಢಿ ಮಾತ್ರ ಬೇಡ. ಪರ್ಮೆಥ್ರಿನ್ ಬೆಕ್ಕನ್ನು ಕೊಲ್ಲಬಲ್ಲದು. ಉಣ್ಣಿಯನ್ನು ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರವಾಗಿ ಎಳೆಯಿರಿ, ಹಿಸುಕಬೇಡಿ.

ಮಲೆನಾಡಿನ ಕಡೆಯವರು ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ. ಹೆಣ ತಣ್ಣಗಾಗುತ್ತಿದ್ದಂತೆ ಉಣ್ಣಿಗಳು ಅದನ್ನು ಬಿಟ್ಟು ಹೊರಡುತ್ತವೆ.