ರ‍್ಯಾಲಿ ಅಪಘಾತ

ರ‍್ಯಾಲಿ ಅಪಘಾತ: ಸಂಚಾರ ತಡೆದ ರಸ್ತೆಗಳಲ್ಲಿ ಒಂದೊಂದಾಗಿ ಬಿಟ್ಟ ಕಾರುಗಳು ತೆಗೆದುಕೊಂಡ ಕಾಲದಿಂದ ನಿರ್ಣಯವಾಗುವ ಮೋಟಾರು ಸ್ಪರ್ಧೆಯಲ್ಲಿ ವಾಹನ ಹತೋಟಿ ತಪ್ಪಿ ಮಗುಚುವುದು ಅಥವಾ ಡಿಕ್ಕಿಯಾಗುವುದು. ಕರ್ನಾಟಕದಲ್ಲಿ ಇಂಥ ಸ್ಪರ್ಧೆಗಳ ಪ್ರಮುಖ ನೆಲೆ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುರಸ್ತೆ. 2016ರ ಏಷ್ಯಾ-ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಇಲ್ಲಿ ನಡೆಯಿತು. ಅಪಘಾತಗಳಿಗೆ ಮುಖ್ಯ ಕಾರಣ ಟೈರಿನ ಹಿಡಿತ ತಪ್ಪುವುದು. ಸಡಿಲ ಜಲ್ಲಿಯ ಮೇಲೆ ಬ್ರೇಕ್ ಹಾಕಿದರೂ ಕಾರು ಬೇಗ ನಿಲ್ಲದು. ಮಳೆ ಬಿದ್ದರೆ ಕೆಂಪುಮಣ್ಣು ಜಾರುತ್ತದೆ. ಮುಂದಿನ ಕಾರು ಎಬ್ಬಿಸಿದ ದೂಳು ಮರಗಳ ನಡುವೆ ನಿಂತು ತಿರುವನ್ನು ಮರೆಮಾಡುತ್ತದೆ. ಸಹಚಾಲಕ ಓದಿ ಹೇಳುವ ದಾರಿ ಟಿಪ್ಪಣಿಯಲ್ಲಿ ತಿರುವಿನ ಕಡಿದುತನ ತಪ್ಪಾಗಿ ದಾಖಲಾಗಿದ್ದರೆ, ಅಥವಾ ಓದುವುದು ಕ್ಷಣ ತಡವಾದರೆ, ಚಾಲಕನಿಗೆ ತಿದ್ದಿಕೊಳ್ಳಲು ಅವಕಾಶ ಉಳಿಯದು. ಪಂಕ್ಚರ್, ಸಸ್ಪೆನ್ಷನ್ ಮುರಿತ ಯಾಂತ್ರಿಕ ಕಾರಣಗಳು. ಎಲ್ಲಕ್ಕಿಂತ ಘೋರವಾದುದು ಜನ ಅಥವಾ ಹೊರಗಿನ ವಾಹನ ಸ್ಪರ್ಧಾಮಾರ್ಗದೊಳಗೆ ಬರುವುದು: 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾರ್ಮೇರ್ ಜಿಲ್ಲೆಯಲ್ಲಿ ಹೀಗೆ ಬಂದ ಬೈಕಿಗೆ ಕಾರು ಬಡಿದು ಒಂದೇ ಕುಟುಂಬದ ಮೂವರು ಮೃತಪಟ್ಟರು. 1986ರಲ್ಲಿ ಪೋರ್ಚುಗಲ್ ಮತ್ತು ಕಾರ್ಸಿಕಾ ರ‍್ಯಾಲಿಗಳಲ್ಲಿ ಸಂಭವಿಸಿದ ಮಾರಕ ಅಪಘಾತಗಳ ಬಳಿಕ ಅತಿಶಕ್ತ ‘ಗ್ರೂಪ್ ಬಿ’ ಕಾರುಗಳನ್ನು 1987ರಿಂದ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನಲ್ಲಿ ನಿಷೇಧಿಸಲಾಯಿತು.