ಬೋಲ್ಟ್ ಮತ್ತು ಫ್ಲೋ-ಜೋ: ಎರಡು ಹೋಲಿಕೆಗಳ ಕತೆ

2020ರ ಫೆಬ್ರವರಿ ನೆನಪಿದೆಯಾ? ನಮ್ಮ ಮಂಗಳೂರಿನ ಹತ್ತಿರದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಕೂತು ಲೆಕ್ಕ ಹಾಕಿದರು... 100 ಮೀಟರಿಗೆ 9.55! ಬೋಲ್ಟ್‌ನ ದಾಖಲೆ 9.58. ತಗೊಳ್ಳಿ, ಪ್ರಪಂಚದ ಪತ್ರಿಕೆಗಳೆಲ್ಲ ಕೆಸರುಗದ್ದೆಗೆ ಬಂದವು. ಎಳೆಯುವ ಕೋಣಗಳಿರುವಾಗ ಈ ಹೋಲಿಕೆ ಸರಿಯಾ ಅನ್ನೋದು ಬೇರೆ ಮಾತು. ಅವರ ಮೈಕಟ್ಟಿನ ಫೋಟೋನೂ ಬಂತು ನಿಜ. ಆದರೆ ಫೋಟೋದ ಕೆಳಗೆ ಸೆಕೆಂಡುಗಳಿದ್ದವು.

ಈಗ ಇನ್ನೊಂದು ಹೋಲಿಕೆ ನೋಡಿ. 1980ರ ದಶಕದ ಕೊನೆಯಲ್ಲಿ ಕೊಡಗಿನ ಅಶ್ವಿನಿ ನಾಚಪ್ಪ 'ಭಾರತದ ಫ್ಲೋ-ಜೋ' ಆದರು. ಪಿ.ಟಿ. ಉಷಾರನ್ನೇ ಹಿಂದೆ ಹಾಕಿದ ಓಟಗಾರ್ತಿ, 1988ರ ಅರ್ಜುನ ಪ್ರಶಸ್ತಿ ಪಡೆದವರು. ಆದರೆ ಆ ಹೆಸರು ಅಂಟಿಕೊಂಡಿದ್ದು ಉಡುಪಿನಿಂದ, ನೋಟದಿಂದ. 1991ರಲ್ಲಿ ಅವರದೇ ಹೆಸರಿನ ತೆಲುಗು ಸಿನಿಮಾ ಬಂತು, ಅವರೇ ನಾಯಕಿ. ನಿಮ್ಮ ಅಕ್ಕಪಕ್ಕದವರನ್ನು ಕೇಳಿ ನೋಡಿ, ಅವರ ಸಿನಿಮಾ ನೆನಪಿರುತ್ತೆ. 100 ಮೀಟರ್ ಟೈಮಿಂಗ್ ಎಷ್ಟು ಅಂದ್ರೆ ಮೌನ!

ಅಸಲಿ ಫ್ಲೋ-ಜೋ ಕತೆಯೂ ಅಷ್ಟೇ. ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ 1988ರಲ್ಲಿ ಓಡಿದ್ದು 10.49 ಸೆಕೆಂಡಿನಲ್ಲಿ. ಜನರಿಗೆ ಉಳಿದದ್ದು ಉದ್ದನೆಯ ಉಗುರು.

"ಫೋಟೋ ಹಾಕಿದ್ರೆ ಏನು ನಷ್ಟ?" ಅಂತ ಕೇಳಬಹುದು. ನಷ್ಟ ಎಷ್ಟು ದೊಡ್ಡದು ಅಂತ ತಿಳಿಯಲು 1928ಕ್ಕೆ ಹೋಗಬೇಕು. ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್, ಮಹಿಳೆಯರ 800 ಮೀಟರ್ ಫೈನಲ್. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡಿನಲ್ಲಿ ವಿಶ್ವದಾಖಲೆ ಮಾಡಿದರು. ಓಡಿದ 9 ಮಂದಿಯೂ ಗುರಿ ಮುಟ್ಟಿದರು. ಆದರೆ ಹೆಂಗಸರು ದಾರಿಯಲ್ಲೇ ಕುಸಿದುಬಿದ್ದರು ಅಂತ ಪತ್ರಿಕೆಗಳು ಬರೆದವು. ಹೆಣ್ಣಿನ ದೇಹಕ್ಕೆ ಇದೆಲ್ಲ ಆಗದು ಅನ್ನುವವರಿಗೆ ಅಷ್ಟೇ ಸಾಕಾಯಿತು. ಆ ಓಟ ಒಲಿಂಪಿಕ್ಸಿಗೆ ಮರಳಿದ್ದು 1960ರಲ್ಲಿ. 32 ವರ್ಷ! ಎಷ್ಟು ಹುಡುಗಿಯರ ಓಟ ಅಷ್ಟರಲ್ಲಿ ಮುಗಿದುಹೋಗಿರಬೇಡ?

ನಮ್ಮ ಕಡೆ ಬೈಗುಳ ಇಲ್ಲ, ಮುದ್ದು ಇದೆ. 2010ರ ಏಷ್ಯನ್ ಗೇಮ್ಸ್‌ನಲ್ಲಿ ಕುಂದಾಪುರ ಕಡೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ಗೆದ್ದಾಗ 'ಚಿನ್ನದ ಹುಡುಗಿ', ರೈತನ ಮಗಳು. 400 ಮೀಟರ್ ಹರ್ಡಲ್ಸ್ ಅನ್ನು 56.15 ಸೆಕೆಂಡಿನಲ್ಲಿ ಮುಗಿಸಿದ್ದು ಎಷ್ಟು ಜನಕ್ಕೆ ಗೊತ್ತು? ಮಂಗಳೂರಲ್ಲಿ ಬೆಳೆದ ಎಂ.ಆರ್. ಪೂವಮ್ಮ 2014ರ ಇಂಚಿಯಾನ್‌ನಲ್ಲಿ 400 ಮೀಟರ್ ಕಂಚು, ರಿಲೇ ಚಿನ್ನ ತಂದರು. ಅಲ್ಲೂ ಅದೇ ಕತೆ.

ಮುಂದೆ ಇಬ್ಬರೂ ಉದ್ದೀಪನ ಮದ್ದಿನ ಪ್ರಕರಣಗಳಲ್ಲಿ ನಿಷೇಧ ಅನುಭವಿಸಿದರು. ಅಶ್ವಿನಿ 2011ರ ಪರೀಕ್ಷೆಯ ನಂತರ, ಪೂವಮ್ಮ 2021ರ ಪರೀಕ್ಷೆಯ ನಂತರ. ಅದನ್ನೂ ಮುಚ್ಚಿಡದೆ ಬರೆಯಬೇಕು. ಗಂಡು ಓಟಗಾರನಿಗೆ ಬರೆಯುವ ಹಾಗೆ. 'ಮನೆಮಗಳು' ಅಂತ ಹೊತ್ತು ಮೆರೆಸಿದರೆ, ಎಡವಿದಾಗ 'ಮನೆ ಮಾನ ಹೋಯ್ತು' ಅನ್ನೋ ಮಾತೂ ಹಿಂದೆಯೇ ಬರುತ್ತೆ. ಅಥ್ಲೀಟ್ ಅಂದರೆ ಮಾತ್ರ ಲೆಕ್ಕ ನೇರ: ಗೆದ್ದದ್ದೆಷ್ಟು, ತಪ್ಪಿದ್ದೆಲ್ಲಿ.

ನಮ್ಮ ಮಂಗಳಾ ಸ್ಟೇಡಿಯಂನಲ್ಲಿ ಓಡುವ ಹುಡುಗಿಯರ ಬಗ್ಗೆ ಬರೆಯುವವರಿಗೆ ನನ್ನದೊಂದೇ ವಿನಂತಿ. 'ಜಿಂಕೆ', 'ಕುವರಿ' ಬೇಕಾದರೆ ಹಾಕ್ಕೊಳ್ಳಿ. ಮೊದಲ ಸಾಲಿನಲ್ಲಿ ಸೆಕೆಂಡು ಬರೆಯಿರಿ. ಕೋಣದ ಹಿಂದೆ ಓಡಿದವರಿಗೆ ಕೊಟ್ಟ ಗಡಿಯಾರ ಇವರಿಗೂ ಇರಲಿ.

ನೀವೇನಂತೀರಿ?